ಗಿಳಿಹಸಿರು ರವಿಕೆ ಕಣ

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಒಂದು ವರ್ಷ, ಸಿಂಧಘಟ್ಟದ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಗಿಳಿಹಸಿರು ರವಿಕೆ ತೊಟ್ಟು ಓಡಾಡುತ್ತಿದ್ದರು. ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತವರು, ಗದ್ದೆಯಲ್ಲಿ ಕಳೆ ಕೀಳುವವರು, ಕೆ.ಆರ್. ಪೇಟೆ ಬಸ್ಸಿನ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಎಲೆಅಡಿಕೆ ಉಗುಳುವವರು, ಎಲ್ಲರದೂ ಅದೇ ಹಸಿರು. ಹೊರಗಿನಿಂದ ಬಂದವರು ಇದೇನು, ಊರಿಗೆ ಊರೇ ಒಂದೇ ಅಂಗಡಿಯಲ್ಲಿ ಬಟ್ಟೆ ತಂದಿದೆಯಾ ಎಂದು ಕೇಳುತ್ತಿದ್ದರು. ಅದು ಅಂಗಡಿಯ ಬಟ್ಟೆಯಲ್ಲ, ಗರ್ಭಕೋಶದ ಬಾಯಿಯ ಕ್ಯಾನ್ಸರ್ ಪರೀಕ್ಷೆಗೆ ಹೋದವರಿಗೆ ಕೊಟ್ಟ ಕಣ. ಆ ರವಿಕೆಗಳಲ್ಲಿ ಮುಕ್ಕಾಲು ಪಾಲನ್ನು ಹೊಲಿದವಳು ನನ್ನ ಅತ್ತಿಗೆ. ಊರಲ್ಲಿ ಎಲ್ಲರಿಗಿಂತ ಮೊದಲು ಆ ಪರೀಕ್ಷೆ ಆಗಬೇಕಿದ್ದವಳೂ ಅವಳೇ.

ಆಗ ನಾನು ಶ್ರೀರಂಗಪಟ್ಟಣದಲ್ಲಿ ಕೆಲಸಕ್ಕಿದ್ದೆ. ಲ್ಯಾಬ್ ಕೋರ್ಸು ಮುಗಿಸಿ ಪಾಂಡವಪುರದ ರಕ್ತ ಪರೀಕ್ಷೆ ಅಂಗಡಿಯೊಂದರಲ್ಲಿ ಸಕ್ಕರೆ ಕಾಯಿಲೆಯವರ ಮೂತ್ರ ಕಾಯಿಸಿ ಬಣ್ಣ ನೋಡುತ್ತಿದ್ದವಳನ್ನು ಒಂದು ಸಂಶೋಧನಾ ಯೋಜನೆಯವರು ಕರೆದು ಕೆಲಸ ಕೊಟ್ಟರು. ಕೋಟೆಯೊಳಗೆ ಒಂದು ಬಾಡಿಗೆ ಮನೆ, ಅದರ ಅಡುಗೆಮನೆಯಲ್ಲಿ ಬಣ್ಣದ ದ್ರಾವಣಗಳ ಜಾಡಿಗಳು, ನಡುಮನೆಯಲ್ಲಿ ಮೈಕ್ರೋಸ್ಕೋಪು. ಎಚ್‌ಐವಿ ಇರುವ ಹೆಂಗಸರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬೇಗ ಬರುತ್ತದೆ, ಬೇಗ ಬೆಳೆಯುತ್ತದೆ; ಅಂಥ ಹೆಂಗಸರು ಹೆಚ್ಚಾಗಿರುವುದು ಬಡ ದೇಶಗಳಲ್ಲಿ; ಅಲ್ಲಿ ಅದನ್ನು ಪರೀಕ್ಷಿಸಿ ತಿಳಿದುಕೊಳ್ಳುವ ಜನವಿಲ್ಲ; ಆದ್ದರಿಂದ ಸ್ಥಳೀಯರಿಗೇ ಕಲಿಸಬೇಕು. ಇದು ನಮ್ಮ ಡಾಕ್ಟರಮ್ಮ ಮೊದಲ ದಿನ ಹೇಳಿದ್ದು. 'ಸಾಮರ್ಥ್ಯ ಬೆಳೆಸುವುದು' ಎನ್ನುವುದು ಅವರ ಬಾಯಲ್ಲಿ ಉಗುಳಿನಷ್ಟೇ ಸಲೀಸಾಗಿ ಬರುತ್ತಿದ್ದ ಮಾತು. ಆ ಸಾಮರ್ಥ್ಯ ಎಂದರೆ ನಾನೇ. ಗಾಜಿನ ಸ್ಲೈಡಿನ ಮೇಲೆ ಸವರಿದ ಜೀವಕೋಶಗಳಿಗೆ ಬಣ್ಣ ಕಟ್ಟುವುದು, ಯಾವುದು ನೆಟ್ಟಗಿದೆ, ಯಾವುದು ಕೆಟ್ಟಿದೆ ಎಂದು ಓದುವುದು ನನಗೆ ಕಲಿಸಿದರು. ನಾನು ಬೇಗ ಕಲಿತೆ. ಆ ಜಂಬ ನನಗೆ ಈಗಲೂ ಇದೆ.

ನಾನು ಮನೆಯಲ್ಲಿ ಕೆಲಸದ ವಿಷಯ ಹೆಚ್ಚು ಹೇಳುತ್ತಿರಲಿಲ್ಲ, ಏಕೆಂದರೆ ಆ ಕಾಯಿಲೆ ನಮ್ಮ ಮನೆಯಲ್ಲೇ ಇತ್ತು. ಅಣ್ಣ ಆಲೆಮನೆಗಳಿಂದ ಬೆಲ್ಲ ತುಂಬಿಕೊಂಡು ದೂರದೂರಕ್ಕೆ ಲಾರಿ ಹೊಡೆಯುತ್ತಿದ್ದ. ಒಂದು ಸಲ ಕೆಮ್ಮಿಕೊಂಡು ಬಂದವನು ಮತ್ತೆ ಸ್ಟೇರಿಂಗ್ ಹಿಡಿಯಲಿಲ್ಲ. ಊರಿಗೆಲ್ಲ ಟಿ.ಬಿ. ಎಂದು ಹೇಳಿ ಮಣ್ಣು ಮಾಡಿದೆವು. ಅತ್ತಿಗೆಯ ರಕ್ತದಲ್ಲೂ ಅದೇ ಸಿಕ್ಕಿತು. ಅಪ್ಪ, ಅವ್ವ, ನಾನು, ಅತ್ತಿಗೆ, ನಾಲ್ಕೇ ಜನಕ್ಕೆ ಗೊತ್ತಿದ್ದ ಸಂಗತಿ. ತಂದವನು ಮಗ ಎನ್ನುವುದು ಅವ್ವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ, "ನನ್ ಮಗನ್ನ ನುಂಗ್ಕೊಂಡ್ಳು" ಎಂದು ದಿನಕ್ಕೊಂದು ಸಲ ಅತ್ತಿಗೆಯ ಕಿವಿಗೆ ಬೀಳುವ ಹಾಗೆ ಹೇಳದಿದ್ದರೆ ಅವಳಿಗೆ ಮುದ್ದೆ ಇಳಿಯುತ್ತಿರಲಿಲ್ಲ. ನನ್ನ ಹೆತ್ತವಳ ಬಗ್ಗೆ ಹೀಗೆ ಬರೆಯಬಾರದು ಎನ್ನುವವರು ಅವಳ ಸೊಸೆಯಾಗಿ ಒಂದು ವಾರ ಇದ್ದು ಬರಲಿ.

ಅತ್ತಿಗೆ ಅದಕ್ಕೆಲ್ಲ ಕುಗ್ಗುವವಳಲ್ಲ. ಕಿಕ್ಕೇರಿ ಕಡೆಯವಳು, ತವರಿನಿಂದ ಬರುವಾಗ ಹೊಲಿಗೆ ಮೆಷಿನ್ನು ತಂದಿದ್ದಳು. ಜಗುಲಿಯ ಮೇಲೆ ಅದನ್ನಿಟ್ಟುಕೊಂಡು ಅರ್ಧ ಊರಿನ ರವಿಕೆ ಹೊಲಿಯುತ್ತಿದ್ದಳು. ಯಾರ ಸೊಂಟ ಎಷ್ಟು ದಪ್ಪವಾಯಿತು, ಯಾರು ಬಸುರಿ ಎಂದು ಗಂಡನಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ಒಂದು ದಿನ ದಾರ ಪೋಣಿಸುತ್ತಾ ನನ್ನನ್ನು ಕೇಳಿದಳು: "ಅಲ್ಲ ಕಣಮ್ಮಿ, ಮುಟ್ಟು ಆಗ್ದೇ ಇರೋ ದಿನಾನೂವೆ ಕೆಂಪ್ಗೆ ಓಯ್ತಾ ಅದಲ್ಲ, ಅದ್ಯಾಕೆ?" ನೋವಿದೆಯಾ ಎಂದು ಕೇಳಿದೆ. "ಅದೆ ಅಂದ್ರೆ ಅದೆ, ಇಲ್ಲ ಅಂದ್ರೆ ಇಲ್ಲ" ಎಂದು ನಕ್ಕಳು. ಆ ಮೊದಲು ಅವಳೊಬ್ಬಳೇ ಸರ್ಕಾರಿ ಆಸ್ಪತ್ರೆಯೊಂದಕ್ಕೆ ಹೋಗಿ ಬಂದಿದ್ದಳಂತೆ. ರಕ್ತದ ವಿಷಯ ಹೇಳಿದ ಕೂಡಲೇ ಅವರು ವರಾಂಡದಲ್ಲಿ ಕೂರಿಸಿ, ಹತ್ತಿರ ಕರೆಯದೆ, ಕಿಟಕಿಯಿಂದ ಮಾತ್ರೆ ಕೊಟ್ಟು ಕಳಿಸಿದ್ದರು.

ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಬಹುದಿತ್ತಲ್ಲ ಎನ್ನಬಹುದು. ಆ ಮನೆಯಲ್ಲಿ ಇದ್ದದ್ದು ಬರೀ ಗಾಜು, ಬಣ್ಣ, ಮೈಕ್ರೋಸ್ಕೋಪು. ಪರೀಕ್ಷೆ ಮಾಡುವ ಮೇಜು, ದೀಪ, ಡಾಕ್ಟರಮ್ಮ ಎಲ್ಲ ವ್ಯಾನಿನಲ್ಲಿ ಶಿಬಿರದಿಂದ ಶಿಬಿರಕ್ಕೆ ಹೋಗುತ್ತಿದ್ದವು. ನಮ್ಮೂರ ಶಿಬಿರ ಬರುವ ತನಕ ಕಾಯಬೇಕಿತ್ತು. ಬರುತ್ತದೆ, ಮೊದಲು ನಿನ್ನನ್ನೇ ನೋಡಿಸುತ್ತೇನೆ ಎಂದು ಅತ್ತಿಗೆಗೆ ಹೇಳಿದೆ.

ಶಿಬಿರಗಳದು ಬೇರೆಯೇ ಗೋಳು. ನಾಗಮಂಗಲದ ಕಡೆ ಮಾಡಿದ ಮೊದಲ ಶಿಬಿರಕ್ಕೆ ಬಂದದ್ದು ಒಬ್ಬಳೇ ಮುದುಕಿ, ಅದೂ ಕಣ್ಣಿನ ಪೊರೆ ತೆಗೆಯುತ್ತಾರೆ ಎಂದುಕೊಂಡು. ಸೀರೆ ಎತ್ತಬೇಕು ಎಂದದ್ದೇ ತಡ, ಡಾಕ್ಟರಮ್ಮನ ಏಳು ತಲೆಮಾರನ್ನೂ ಜಾಲಾಡಿಸಿ ಹೋದಳು. ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿ ಅದೂ ಇಲ್ಲ. ಡಾಕ್ಟರಮ್ಮ ನಗರದಲ್ಲಿ ಹುಟ್ಟಿ ಬೆಳೆದವರು, ಮೃದು ಮಾತಿನವರು, ಸಂಜೆ ವ್ಯಾನಿನಲ್ಲಿ ಅತ್ತೇಬಿಟ್ಟರು. ಆಗ ನಮ್ಮ ಹಿರಿಯ ನರ್ಸಮ್ಮ ಬಾಯಿ ಬಿಟ್ಟರು. ನಾಗಮಂಗಲದವರು, ಹೆರಿಗೆ ಮಾಡಿಸಿ ಮಾಡಿಸಿ ಪಳಗಿದವರು.

"ಕಾಯ್ಲೆ ಅಂದ್ರೆ ನಮ್ ಎಣ್ಮಕ್ಳು ಬರಾಕಿಲ್ಲ ಮೇಡಂ. ಅರಿಶ್ನ ಕುಂಕ್ಮಕ್ಕೆ ಬನ್ನಿ ಅನ್ನಿ, ಬಾಗ್ಲು ಮುರ್ಕೊಂಡು ಬತ್ತಾರೆ."

ಬಾಗಿಲಲ್ಲಿ ಒಬ್ಬ ದೊಡ್ಡ ಮುತ್ತೈದೆಯನ್ನು ನಿಲ್ಲಿಸುವುದು, ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಎಲೆಅಡಿಕೆ ಜೊತೆ ರವಿಕೆ ಕಣ ಕೊಟ್ಟು ಒಳಗೆ ಕರೆಯುವುದು. ಒಳಗೆ ಹೋದ ಮೇಲೆ ಪರೀಕ್ಷೆ. ಡಾಕ್ಟರಮ್ಮನಿಗೆ ಇದು ಬಹಳ ಹಿಡಿಸಿತು. ಅವರ ಲೆಕ್ಕಾಚಾರದಲ್ಲಿ ಇನ್ನೊಂದು ಒಳ್ಳೆಯ ಉದ್ದೇಶವೂ ಇತ್ತು: ಎಲ್ಲ ಹೆಂಗಸರೂ ಬಂದರೆ ಎಚ್‌ಐವಿ ಇರುವವರು ಅವರ ನಡುವೆ ಬೆರೆತು ಬರುತ್ತಾರೆ, ಯಾರ ಗುಟ್ಟೂ ಹೊರಬೀಳುವುದಿಲ್ಲ.

"ಮೇಡಂ, ನಮಗೆ ಬೇಕಾದವರಲ್ಲಿ ಮುಕ್ಕಾಲು ಜನರ ಗಂಡಂದಿರು ಸತ್ತಿದ್ದಾರೆ. ಆ ಕಾಯಿಲೆಯಲ್ಲೇ ಸತ್ತಿದ್ದಾರೆ. ಕುಂಕುಮದ ತಟ್ಟೆ ಇರುವ ಬಾಗಿಲಿಗೆ ಅವರು ಹೇಗೆ ಬರುತ್ತಾರೆ?" ಎಂದೆ.

"ಯಾರು ಬೇಡ ಅಂತಾರೆ? ಅವರೂ ಬರಲಿ," ಎಂದರು ಡಾಕ್ಟರಮ್ಮ.

ನರ್ಸಮ್ಮನೂ ಅದನ್ನೇ ಅಂದರು. ಯಾರು ಬ್ಯಾಡ ಅಂತಾರೆ. ನಿಜ, ಯಾರೂ ಬೇಡ ಎನ್ನುವುದಿಲ್ಲ. ನಮ್ಮ ಕಡೆ ವಿಧವೆಯರಿಗೆ ಯಾವುದನ್ನೂ ಬೇಡ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ. ನಾನು ಜಗಳವಾಡಿದೆ, ಕೂಗಾಡಿದೆ, ಕೊನೆಗೆ ಡಾಕ್ಟರಮ್ಮ "ನಿಮ್ಮ ಕೆಲಸ ಸ್ಲೈಡು ನೋಡುವುದು" ಎಂದು ಮೆತ್ತಗೆ ಹೇಳಿದರು. ಗಿಳಿಹಸಿರು ಬಟ್ಟೆಯ ಥಾನುಗಳು ಬಂದು ವ್ಯಾನು ತುಂಬಿದವು.

ನಮ್ಮೂರ ಶಿಬಿರ ಶಾಲೆಯಲ್ಲಿ ನಡೆಯಿತು. ಜಾತ್ರೆಯೇ ಸರಿ. ಬೂಕನಕೆರೆಯಿಂದಲೂ ಹೆಂಗಸರು ನೆಂಟರ ನೆಪ ಮಾಡಿಕೊಂಡು ಬಂದರು. ಮಲ್ಲಿಗೆ ಹೂವಿನ ವಾಸನೆ ಶಾಲೆಯ ಅಂಗಳಕ್ಕೆಲ್ಲ ಹಬ್ಬಿತ್ತು. ಪಂಚಾಯ್ತಿ ಅಧ್ಯಕ್ಷರ ಹೆಂಡತಿ ರೇಷ್ಮೆ ಸೀರೆ ಉಟ್ಟು ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಯೋಜನೆಗೆ ಹಣ ಕೊಡುವವರ ಕಡೆಯಿಂದ, ಹೊರದೇಶದಿಂದ ಬಂದ ಒಬ್ಬಾಕೆ ತಾನೂ ಕುಂಕುಮ ಇಡಿಸಿಕೊಂಡು ಫೋಟೋ ತೆಗೆಸಿಕೊಂಡಳು. ನಾನು ಒಳಗೆ ಕಿಟಕಿಯ ಹತ್ತಿರ ಸ್ಲೈಡುಗಳನ್ನು ಸ್ಪಿರಿಟ್ಟಿನಲ್ಲಿ ಅದ್ದುತ್ತಾ ಕೂತಿದ್ದೆ.

ಅಲ್ಲಿಂದಲೇ ಅತ್ತಿಗೆ ಬರುವುದು ಕಂಡಿತು. ಒಗೆದ ಸೀರೆ ಉಟ್ಟು, ತಲೆ ಬಾಚಿಕೊಂಡು, ಸಾಲಿನ ಕೊನೆಗೆ ನಿಂತಳು. ಸಾಲು ಮುಂದಕ್ಕೆ ಹೋದ ಹಾಗೆ ಅವಳೂ ಬಂದಳು. ಬಾಗಿಲು ಹತ್ತಿರವಾದಾಗ ಮುಂದಿದ್ದ ಹೆಂಗಸರು ತಿರುಗಿ ನೋಡಿ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಸುಮ್ಮನಾದರು. ಅಧ್ಯಕ್ಷರ ಹೆಂಡತಿ ತಟ್ಟೆಯನ್ನು ತುಸು ಹಿಂದಕ್ಕೆ ಎಳೆದುಕೊಂಡು ಎಲೆಗಳನ್ನು ಜೋಡಿಸುವವರ ಹಾಗೆ ಬಗ್ಗಿದರು. ಒಂದು ಗಳಿಗೆ ಎಲೆ ಜೋಡಿಸುತ್ತಲೇ ಇದ್ದರು. ಅತ್ತಿಗೆಗೆ ಅರ್ಥವಾಯಿತು. ಹಿಂದಕ್ಕೆ ತಿರುಗಿದಳು.

ನಾನು ಸ್ಲೈಡು ಬಿಟ್ಟು ಓಡಿ ಹೋಗಿ ಅವಳ ಕೈ ಹಿಡಿದೆ. ಹಿಂದಿನ ಬಾಗಿಲಿಂದ ಬಾ ಎಂದೆ. ಶಾಲೆಗೆ ಹಿಂದಿನ ಬಾಗಿಲೇ ಇರಲಿಲ್ಲ. ಅಷ್ಟರಲ್ಲಿ ಅವ್ವ ಒಳಗಿನಿಂದ ಹೊರಗೆ ಬಂದಳು, ಹಣೆ ತುಂಬ ಕುಂಕುಮ, ಮುಡಿ ತುಂಬ ಹೂ, ಕಂಕುಳಲ್ಲಿ ಹಸಿರು ಕಣ.

"ಅರಿಶ್ನ ಕುಂಕ್ಮದ ಒತ್ನಲ್ಲಿ ಎದ್ರುಗೆ ಬರ್ಬೇಡ ಅಂತ ಬಾಯ್ಬುಟ್ಟು ಏಳ್ಬೇಕಾ ನಿಂಗೆ? ನಾಕು ಜನ್ರು ಮುಂದೆ ಮಾನ ಕಳೀತಿಯಲ್ಲ!"

"ಅವ್ವ, ಬಾಯಿ ಮುಚ್ಚು," ಎಂದೆ.

"ಬುಡು ಕಣಮ್ಮಿ," ಎಂದಳು ಅತ್ತಿಗೆ. ನನ್ನ ಕೈ ಬಿಡಿಸಿಕೊಂಡು, "ಒಳಿಕ್ಕೋಗು, ನಿನ್ ಕೆಲ್ಸ ಕೆಡ್ತದೆ" ಎಂದು ಹೊಂಗೆ ಮರದ ಕೆಳಗಿನ ದಾರಿ ಹಿಡಿದು ಮನೆಗೆ ಹೋದಳು.

ಮರುದಿನದಿಂದ ಹೆಂಗಸರು ಕಣ ಹಿಡಿದು ನಮ್ಮ ಜಗುಲಿಗೆ ಬಂದರು. ಕುಂಕುಮದ ಬಾಗಿಲಲ್ಲಿ ಎದುರಾಗಬಾರದವಳು ರವಿಕೆ ಹೊಲಿಯಬಹುದು, ಅದಕ್ಕೆ ಅಡ್ಡಿಯಿಲ್ಲ. ಅವಳ ಹೊಲಿಗೆ ಚೆನ್ನ. ಹಸಿರು ಬಟ್ಟೆ ಮೆಷಿನ್ನಿನ ಪಕ್ಕ ಮೊಣಕಾಲೆತ್ತರ ಬಿದ್ದಿತ್ತು. ಅವ್ವನ ರವಿಕೆಯನ್ನೇ ಮೊದಲು ಹೊಲಿದಳು. ನಾನು ರಜೆಗೆ ಹೋದಾಗ ಸಿಟ್ಟಿನಿಂದ ಅದನ್ನೆಲ್ಲ ಬೀದಿಗೆ ಎಸೆ ಎಂದೆ. "ಯಾಕ್ಲಾ ಬಟ್ಟೆ ಮ್ಯಾಲೆ ಕ್ವಾಪ? ನಾನು ಒಳಕ್ಕೋಗ್ದಿದ್ರೂವೆ ಶಿಬ್ರ ಎಲ್ಲಾ ನನ್ ಕೈಕೆಳ್ಗೇ ಅದೆ ನೋಡು," ಎಂದು ನಕ್ಕಳು. ಸಿಟ್ಟಿನಲ್ಲಿದ್ದಾಗ ನನ್ನನ್ನು ಗಂಡುಹುಡುಗನ ಹಾಗೆ 'ಲಾ' ಎಂದು ಕರೆದು ನಗಿಸುವುದು ಅವಳ ಅಭ್ಯಾಸ. ಅವಳ ಕೆಳಗೆ ಮಡಿಸಿದ ಹಳೆ ಬಟ್ಟೆ ಇತ್ತು. ಹೆಚ್ಚು ಹೊತ್ತು ಕೂತರೆ ರಕ್ತ ಇಳಿಯುತ್ತಿತ್ತು.

ಶಿಬಿರಗಳು ಭರ್ಜರಿಯಾಗಿ ನಡೆದವು. ಮೈಕ್ರೋಸ್ಕೋಪಿನ ಕೆಳಗೆ ನಾಲ್ಕು ತಾಲ್ಲೂಕಿನ ಮುತ್ತೈದೆಯರು ಸಾಲುಸಾಲಾಗಿ ಬಂದು ಹೋದರು. ಯಾವ ಹೆಂಗಸರಿಗಾಗಿ ಇದನ್ನೆಲ್ಲ ಕಟ್ಟಿದ್ದೋ ಅವರ ಸ್ಲೈಡುಗಳು ಮಾತ್ರ ಹತ್ತಿರ ಹತ್ತಿರ ಇಲ್ಲವೇ ಇಲ್ಲ. ಹಣ ಕೊಡುವವರು ಅದರ ಲೆಕ್ಕ ಕೇಳಿದಾಗ ಡಾಕ್ಟರಮ್ಮನಿಗೆ ಚಿಂತೆ ಹತ್ತಿತು. ನಾನು ಅಂದಿದ್ದು ಆಗ ನೆನಪಾಯಿತೇನೋ. ಆದರೆ ಪರಿಹಾರ ಕೇಳಿದ್ದು ನನ್ನನ್ನಲ್ಲ, ನರ್ಸಮ್ಮನನ್ನು. ನರ್ಸಮ್ಮನ ಹತ್ತಿರ ಯಾವತ್ತೂ ಪರಿಹಾರ ಇರುತ್ತಿತ್ತು.

ಹಾಗೆ ವಿಧವೆಯರಿಗೆ ಬೇರೆ ದಿನ ಎಂದಾಯಿತು. ಆಟೋಗೆ ಮೈಕು ಕಟ್ಟಿ ಊರೆಲ್ಲ ಸಾರಿದರು: ಗಂಡ ಇಲ್ಲದ ಹೆಣ್ಣುಮಕ್ಕಳು ನಾಳೆ ಶಾಲೆಗೆ ಬಂದು ಪರೀಕ್ಷೆ ಮಾಡಿಸಿಕೊಳ್ಳಬೇಕು. ಊರು ದಡ್ಡ ಅಲ್ಲ. ಎಲ್ಲರದೂ ಮುಗಿದ ಮೇಲೆ ಇವರಿಗೇ ಯಾಕೆ ಬೇರೆ ಎಂದು ಟೀ ಅಂಗಡಿಯಲ್ಲಿ ಮಾತು ಹುಟ್ಟಿತು. ಗಂಡಂದಿರು ಯಾವುದರಲ್ಲಿ ಸತ್ತರು ಎಂದು ಎಣಿಸುವುದು ಶುರುವಾಯಿತು. ಲಾರಿ ಹೊಡೆದವರು ಯಾರು ಎಂದೂ ಎಣಿಸಿದರು. ಅರವತ್ತು ದಾಟಿದ ಮುದುಕಿಯರು ಸಹ ನಮಗೆ ಯಾವ ರೋಗವೂ ಇಲ್ಲಪ್ಪ ಎಂದು ಬಾಗಿಲು ಹಾಕಿಕೊಂಡರು.

ಹಿಂದಿನ ಸಂಜೆಯೇ ನಾನು ಊರಿಗೆ ಓಡಿ ಬಂದು ಅತ್ತಿಗೆಗೆ, ಹೋಗಬೇಡ, ನಿನ್ನ ಹೆಸರು ಊರ ಬಾಯಿಗೆ ಬೀಳುತ್ತದೆ, ಡಾಕ್ಟರಮ್ಮನನ್ನು ಕಾಡಿ ಬೇಡಿ ಬೇರೆ ಏನಾದರೂ ಮಾಡುತ್ತೇನೆ ಎಂದೆ. ಅವಳು ಕತ್ತರಿ ಕೆಳಗಿಟ್ಟಳು.

"ಇನ್ನೆಷ್ಟು ದಿನ ಕಾಯ್ಲಿ? ನೋವ್ ನಂದು ಕಣಮ್ಮಿ, ಊರಿಂದಲ್ಲ. ನಾನು ಬದ್ಕಬೇಕು."

ಅವಳು ಅಷ್ಟು ನೇರವಾಗಿ ಏನನ್ನೂ ಕೇಳಿದ್ದು ನನಗೆ ನೆನಪಿಲ್ಲ. ಮಾರನೇ ದಿನ ಬೆಳಿಗ್ಗೆ ಅವಳು ಒಬ್ಬಳೇ ಹೋದಳು. ಅಷ್ಟು ದೊಡ್ಡ ಊರಿನಿಂದ ಒಬ್ಬಳೇ. ಅವತ್ತು ಬಾಗಿಲಲ್ಲಿ ತಟ್ಟೆ ಇರಲಿಲ್ಲ, ಬ್ಲೀಚಿಂಗ್ ಪೌಡರು ಕಲಸಿದ ಬಕೆಟ್ಟುಗಳಿದ್ದವು. ಸಹಾಯಕಿಯರು ಎರಡೆರಡು ಜೊತೆ ಗ್ಲೌಸು ಹಾಕಿಕೊಂಡಿದ್ದರು. ಶಾಲೆಯ ಕಾಂಪೌಂಡಿನ ಆಚೆ ಊರೇ ನಿಂತು ನೋಡುತ್ತಿತ್ತು, ಮೂಗಿಗೆ ಸೆರಗು ಹಿಡಿದುಕೊಂಡು. ಸೆರಗಿನ ಕೆಳಗೆಲ್ಲ ಗಿಳಿಹಸಿರು ರವಿಕೆ.

ಆಮೇಲಿನದು ಬೇಗ ಬೇಗ ಆಯಿತು. ಕಣ ಕೊಟ್ಟಿದ್ದವರು ಒಬ್ಬೊಬ್ಬರಾಗಿ ಬಂದು, ಜಗುಲಿ ಹತ್ತದೆ, ಬೀದಿಯಲ್ಲೇ ನಿಂತು, ಹೊಲಿಯದ ಬಟ್ಟೆ ವಾಪಸ್ ಕೇಳಿದರು. ಕೈಗೆ ಕೊಡಬೇಡ, ಕಟ್ಟೆ ಮೇಲಿಡು ಎಂದರು. ಕೆಲವರು ಹೊಲಿದ ರವಿಕೆಗಳನ್ನು ನೀರೊಲೆಗೆ ಹಾಕಿದರು. ಅವ್ವ ತನ್ನದನ್ನು ಎಲ್ಲರಿಗೂ ಕಾಣುವ ಹಾಗೆ ಹಿತ್ತಲಲ್ಲಿ ಸೀಮೆಎಣ್ಣೆ ಸುರಿದು ಸುಟ್ಟಳು. ತಾನು ಆ ಮನೆಯವಳೇ ಅಲ್ಲ ಎಂದು ತೋರಿಸಿಕೊಳ್ಳಬೇಕಿತ್ತು ಅವಳಿಗೆ. ಅತ್ತಿಗೆಯ ಹಾಸಿಗೆ ಕೊಟ್ಟಿಗೆಗೆ ಹೋಯಿತು. ಅಪ್ಪ ಏನೂ ಅನ್ನಲಿಲ್ಲ. ಏನೂ ಅನ್ನದೆ ಇರುವುದೇ ಒಳ್ಳೆಯತನ ಎಂದು ಬದುಕಿದ ಮನುಷ್ಯ.

ಅವಳ ಸ್ಲೈಡಿಗೆ ಬಣ್ಣ ಕಟ್ಟಿದ್ದು ನಾನು. ಆ ಬಣ್ಣದಲ್ಲಿ ಜೀವಕೋಶದ ಮೈ ತಿಳಿಹಸಿರಾಗಿ ಕಾಣುತ್ತದೆ, ನಡುವಿನ ಬೀಜ ಕಪ್ಪುನೀಲಿ. ಕಣ್ಣಿಟ್ಟ ಕೂಡಲೇ ಗೊತ್ತಾಯಿತು. ಬೀಜಗಳು ಊದಿಕೊಂಡು, ಅಂಕುಡೊಂಕಾಗಿ, ಒಂದರ ಮೇಲೊಂದು ಬಿದ್ದಿದ್ದವು. ನಾನು ಇಷ್ಟು ಚೆನ್ನಾಗಿ ಓದಲು ಕಲಿಯಬಾರದಿತ್ತು ಅನ್ನಿಸಿತು. ಡಾಕ್ಟರಮ್ಮ ನೋಡಿ, ಮತ್ತೆ ಪರೀಕ್ಷೆ ಮಾಡಿ, ಇನ್ನೂ ಗರ್ಭಕೋಶದ ಬಾಯಿಯಲ್ಲೇ ಇದೆ, ಹರಡಿಲ್ಲ, ಈಗಲೇ ತೆಗೆದರೆ ಉಳಿಯುತ್ತಾಳೆ ಎಂದರು. ಆದರೆ ತೆಗೆಯುವುದು ನಮ್ಮ ಕೆಲಸವಲ್ಲ. ನಮ್ಮದು ಹುಡುಕುವ ಯೋಜನೆ.

ನಗರದ ದೊಡ್ಡದೊಂದು ಆಸ್ಪತ್ರೆಗೆ ಅವಳನ್ನು ಕರೆದುಕೊಂಡು ಹೋದೆ. ಅವರು ಆಗುವುದಿಲ್ಲ ಎನ್ನಲಿಲ್ಲ. ಇಂಥ ರಕ್ತದವರನ್ನು ಆಪರೇಷನ್ ದಿನ ಎಲ್ಲರಿಗಿಂತ ಕೊನೆಗೆ ತೆಗೆದುಕೊಳ್ಳುವುದು ಅಲ್ಲಿಯ ಪದ್ಧತಿ, ಆಮೇಲೆ ಕೋಣೆ ತೊಳೆಯಬೇಕಲ್ಲ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಹಾಕದೆ ವರಾಂಡದಲ್ಲಿ ಕೂತಿರುತ್ತಿದ್ದಳು. ಕೊನೆಯ ಸರದಿ ಬರುವ ಹೊತ್ತಿಗೆ ಡಾಕ್ಟರು ಮನೆಗೆ ಹೋಗಿರುತ್ತಿದ್ದರು. ಮುಂದಿನ ವಾರ ಬನ್ನಿ. ಮುಂದಿನ ವಾರವೂ ಕೊನೆ. ಯಾರು ಬೇಡ ಅಂತಾರೆ, ಬರಲಿ. ಕೆ.ಆರ್. ಪೇಟೆಗೆ ಹೊರಡುವ ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆ ಕೊಟ್ಟು ಮಲಗುತ್ತಿದ್ದಳು. ಹಾಗೆ ಎಷ್ಟು ಸಲ ಹೋಗಿ ಬಂದೆವೋ ನಾನು ಎಣಿಸಲಿಲ್ಲ. ಕೊನೆಗೊಂದು ಸಲ ಒಬ್ಬ ಡಾಕ್ಟರು ಪರೀಕ್ಷೆ ಮಾಡಿ, ಈಗ ಆಪರೇಷನ್ನಿನ ಹಂತ ದಾಟಿದೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ನಮ್ಮನ್ನೇ ಗದರಿದ.

ಕೊಟ್ಟಿಗೆಯಲ್ಲಿ ಅವಳು ಬಹಳ ದಿನ ನರಳಿದಳು. ಆ ವಾಸನೆಗೆ ಹಸುಗಳನ್ನೂ ಆಚೆ ಕಟ್ಟಿದರು. ಹೊಲಿಯದ ಕಣಗಳನ್ನು ಊರವರು ವಾಪಸ್ ಒಯ್ದಿದ್ದರು, ಆದರೆ ಅವಳು ಆಗಲೇ ಕತ್ತರಿಸಿದ್ದ ಬಟ್ಟೆಗಳನ್ನು ಯಾರೂ ಕೇಳಿರಲಿಲ್ಲ. ಆ ಹಸಿರು ತೋಳು, ಬೆನ್ನು, ಎದೆಯ ತುಂಡುಗಳನ್ನೇ ಮಡಿಸಿ ಮಡಿಸಿ ರಕ್ತಕ್ಕೆ ಇಟ್ಟುಕೊಳ್ಳುತ್ತಿದ್ದಳು. "ಒಳ್ಳೆ ಬಟ್ಟೆ ಕಣಮ್ಮಿ, ಚೆನ್ನಾಗಿ ಈರ್ಕತದೆ," ಎಂದಳು ಒಂದು ದಿನ. ಅವನ್ನು ಒಗೆಯುವವರಿರಲಿಲ್ಲ. ನಾನು ಶನಿವಾರ ಬಂದು ಹಿತ್ತಲಲ್ಲಿ ಗುಂಡಿ ತೋಡಿ ಹೂಳುತ್ತಿದ್ದೆ. ಬಟ್ಟೆಯ ತುಂಡುಗಳು ಮುಗಿಯುವ ಮೊದಲೇ ಅವಳು ಮುಗಿದಳು. ಹೆಣ ಹೊರಲು ನಾಲ್ಕು ಜನ ಸಿಗದೆ ಅಪ್ಪ ಟ್ರಾಕ್ಟರು ತರಿಸಿದರು. ಅವ್ವ ಅವತ್ತು ಅತ್ತಳು, ಜೋರಾಗಿ, ಮಗನ ಹೆಸರು ಹಿಡಿದು.

ಅದರ ಮುಂದಿನ ವರ್ಷ ನಮ್ಮ ಶ್ರೀರಂಗಪಟ್ಟಣದ ಮನೆ ತರಬೇತಿ ಕೇಂದ್ರವಾಯಿತು. ಬೇರೆ ಜಿಲ್ಲೆಗಳಿಂದ ಲ್ಯಾಬಿನ ಹುಡುಗಿಯರು ಬಂದರು, ಆಫ್ರಿಕಾದ ಒಂದು ದೇಶದಿಂದ ಇಬ್ಬರು ನರ್ಸುಗಳೂ ಬಂದರು. ಬಾಗಿಲಲ್ಲಿ ನರ್ಸಮ್ಮ ಎಲ್ಲರಿಗೂ ಕುಂಕುಮ ಇಟ್ಟು ಹೂ ಕೊಟ್ಟರು. ಮೊದಲ ಪಾಠಕ್ಕೆ ಡಾಕ್ಟರಮ್ಮ ಆರಿಸಿದ್ದು ಅತ್ತಿಗೆಯ ಸ್ಲೈಡನ್ನು. ಅಷ್ಟು ಸ್ಪಷ್ಟವಾಗಿ ಎಲ್ಲವೂ ಕಾಣುವ ಸ್ಲೈಡು ನಮ್ಮಲ್ಲಿ ಇನ್ನೊಂದಿರಲಿಲ್ಲ, ಅದು ನಿಜ. ಅವಳನ್ನು ನೋಡಲು ಹುಡುಗಿಯರು ಸಾಲಾಗಿ ನಿಂತರು. ಒಬ್ಬೊಬ್ಬರೂ ಬಗ್ಗಿ ಕಣ್ಣಿಟ್ಟು, ಎಷ್ಟು ಚೆನ್ನಾಗಿದೆ ಎಂದರು. ಗಾಜನ್ನು ಮುಟ್ಟಲು ಯಾರಿಗೂ ಹೆದರಿಕೆ ಇರಲಿಲ್ಲ.

ಆಫ್ರಿಕಾದ ನರ್ಸು ತಲೆ ಎತ್ತಿ, ಈ ಹೆಂಗಸಿಗೆ ಆಮೇಲೆ ಏನಾಯಿತು ಎಂದು ಕೇಳಿದಳು.

"ಆಕೆ ಆಮೇಲೆ ನಮ್ಮ ಸಂಪರ್ಕಕ್ಕೆ ಸಿಗಲಿಲ್ಲ," ಎಂದರು ಡಾಕ್ಟರಮ್ಮ. ನನ್ನ ಕಡೆ ನೋಡಲಿಲ್ಲ.

"ಸಿಕ್ಕಿದ್ದಳು," ಎಂದೆ, ಕನ್ನಡದಲ್ಲೇ. "ನಮ್ಮ ಮನೆ ಕೊಟ್ಟಿಗೆಯಲ್ಲಿ ಇದ್ದಳು. ನಮ್ಮತ್ತಿಗೆ. ನಾವು ಬಾಗಿಲಲ್ಲಿ ಕುಂಕುಮದ ತಟ್ಟೆ ಹಿಡಿದು ನಿಂತಿದ್ದೆವು, ಅವಳು ಅವತ್ತು ಒಳಗೆ ಬರಲಿಲ್ಲ, ಆಮೇಲೆ ಸತ್ತಳು."

ಕನ್ನಡ ತಿಳಿದ ಹುಡುಗಿಯರು ನೆಲ ನೋಡಿದರು. ಆ ನರ್ಸಿಗೆ ಯಾರೂ ಅದನ್ನು ಇಂಗ್ಲಿಷಿನಲ್ಲಿ ಹೇಳಲಿಲ್ಲ. ಟೀ ತಣ್ಣಗಾಗುತ್ತದೆ ಬನ್ನಿ ಎಂದರು ನರ್ಸಮ್ಮ. ನಾನು ಹೊರಗೆ ಹೋಗಿ ಬಾಗಿಲಲ್ಲಿದ್ದ ತಟ್ಟೆಯನ್ನು ಎತ್ತಿ ಕೈ ತೊಳೆಯುವ ತೊಟ್ಟಿಗೆ ಸುರಿದು, ನಲ್ಲಿ ತಿರುಗಿಸಿದೆ. ಬಹಳ ಹೊತ್ತು ನೀರು ಕೆಂಪಗೆ ಹರಿಯಿತು. ಮಧ್ಯಾಹ್ನ ಎರಡನೇ ತಂಡದ ಹುಡುಗಿಯರು ಬರುವಷ್ಟರಲ್ಲಿ ನರ್ಸಮ್ಮ ಅಂಗಡಿಯಿಂದ ಹೊಸ ಕುಂಕುಮದ ಪೊಟ್ಟಣ ತರಿಸಿ, ಅದೇ ತಟ್ಟೆಯನ್ನು ಒರೆಸಿ ಇಟ್ಟಿದ್ದರು.